ರಾತ್ರಿ ಎರಡು ಗಂಟೆಗೆ ಹಳೇ ಇಸಿಜಿ ಸಿಗುತ್ತಾ ಸಾರ್?

ಮಾನ್ಯ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ಹಾಗೇ ನಮ್ಮ ಜಿಲ್ಲಾಸ್ಪತ್ರೆ ಆರೋಗ್ಯ ರಕ್ಷಾ ಸಮಿತಿಯ ಎಲ್ಲಾ ಸದಸ್ಯರಿಗೆ ನಮಸ್ಕಾರಗಳು.

ನಾನ್ಯಾರು ಅಂತ ನಿಮಗೆ ಗೊತ್ತು, ಓದೋ ಬೇರೆಯವರಿಗೆ ಗೊತ್ತಿರಲ್ಲ ಅಂತ ಹೇಳ್ತೀನಿ. ಇದೇ ಆಸ್ಪತ್ರೆಯ ಇಸಿಜಿ ರೂಮಲ್ಲಿ ಮೂವತ್ನಾಲ್ಕು ವರ್ಷ ಟೆಕ್ನಿಷಿಯನ್ ಆಗಿದ್ದು ಈಗ ರಿಟೈರ್ ಆದೋನು. ಸರ್ವೀಸಲ್ಲಿದ್ದಾಗ ಹಳೇ ಇಸಿಜಿ ಜೋಪಾನವಾಗಿ ಇಡೋ ವಿಷಯಕ್ಕೆ ಎರಡು ಸಲ ಥ್ರೂ ಪ್ರಾಪರ್ ಚಾನೆಲ್ ಅರ್ಜಿ ಕೊಟ್ಟಿದ್ದೆ, ಎರಡಕ್ಕೂ ಟಪಾಲ್ ಸೀಲ್ ಬಿತ್ತು, ಆಮೇಲೆ ಅವೆಲ್ಲಿಗೆ ಹೋದ್ವು ಅನ್ನೋದು ಆ ಸೀಲಿಗೇ ಗೊತ್ತು. ಈಗ ಪೆನ್ಷನ್ ತಗೊಳ್ಳೋನು, ಮೆಮೋ ಕೊಡೋರು ಯಾರೂ ಇಲ್ಲ, ಅದಕ್ಕೇ ಎಲ್ಲರೂ ಓದಲಿ ಅಂತ ಹಿಂಗೆ ಬರೀತಿದೀನಿ. ಸಿಟ್ಟಿಂದ ಬರೀತಿಲ್ಲ ಸಾರ್, ಸ್ವಲ್ಪ ಗಾಬರಿಯಿಂದ ಬರೀತಿದೀನಿ.

ಹಳೇ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಹೇಳಿದ್ರು, ಇಸಿಜಿ ಎಲ್ಲಾ ಡಿಜಿಟಲ್ ಆಗುತ್ತಂತೆ, ಪೇಪರ್ ರೋಲ್‌ಗೆ ಇನ್ಮೇಲೆ ಇಂಡೆಂಟ್ ಹಾಕಬಾರದು ಅಂತ ಸುತ್ತೋಲೆ ಬಂದಿದೆ, ಇಸಿಜಿ ರೂಮಿನ ಬೀರು ಖಾಲಿ ಮಾಡಿ ರದ್ದಿಗೆ ಹಾಕಕ್ಕೂ ಹೇಳಿದಾರೆ ಅಂತ. ಮೊದಲನೇ ಮಾತು ಕೇಳಿ ಖುಷಿಯಾಯ್ತು, ನಿಜವಾಗ್ಲೂ. ಎರಡನೇದು ಕೇಳಿ ಯೋಚನೆಗಿಟ್ಟುಕೊಳ್ತು. ಮೂರನೇದಕ್ಕೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಇದ್ದಿದ್ದು ಸಿಂಗಲ್ ಚಾನೆಲ್ ಮೆಷಿನ್, ಒಂದು ಸಲಕ್ಕೆ ಒಂದೇ ಗೆರೆ. ಕಾದ ಸೂಜಿ ಮೇಣ ಬಳಿದ ಪೇಪರ್ ಮೇಲೆ ಓಡೋದು, ಮೇಣ ಕರಗಿದ ಕಡೆ ಕೆಳಗಿನ ಕಪ್ಪು ಗೆರೆಯಾಗಿ ಕಾಣೋದು. ಒಂದೊಂದು ಲೀಡ್‌ಗೂ ತಿರುಗಣೆ ತಿರುಗಿಸ್ಬೇಕು, ಲೀಡ್ ಅಂದ್ರೆ ಹೃದಯವನ್ನ ಒಂದೊಂದು ಕಡೆಯಿಂದ ನೋಡೋ ಗೆರೆ, ಹನ್ನೆರಡು ಲೀಡ್ ಆದ್ಮೇಲೆ ಉದ್ದ ಪಟ್ಟಿ ಕತ್ತರಿಸಿ ಗೋಂದು ಹಚ್ಚಿ ಕಾರ್ಡಿಗೆ ಅಂಟಿಸ್ಬೇಕು. ಮಧ್ಯಾಹ್ನ ಊಟಕ್ಕೆ ಕೂತರೂ ಬೆರಳಲ್ಲಿ ಗೋಂದು. ಆಮೇಲೆ ಮೂರು ಚಾನೆಲ್ ಬಂತು, ಆಮೇಲೆ ಹನ್ನೆರಡೂ ಒಟ್ಟಿಗೆ ಪ್ರಿಂಟ್ ಆಗೋ ಥರ್ಮಲ್ ಪೇಪರ್ ಬಂತು, ಎರಡು ನಿಮಿಷದ ಕೆಲಸ. ಎಲ್ಲರೂ ಪ್ರಗತಿ ಅಂದ್ವಿ. ಪ್ರಗತಿಯೇ. ಆದ್ರೆ ತಮಾಷೆ ನೋಡಿ, ಆ ಮೇಣದ ಪಟ್ಟಿಗಳು ಉಗುರು ತಾಗಿದ್ರೆ ಗೀರು ಬೀಳ್ತಿದ್ವು ಅಷ್ಟೇ, ಗೆರೆ ಇವತ್ತಿಗೂ ಹಂಗೇ ಇದೆ. ಥರ್ಮಲ್ ಪೇಪರಿನ ಗೆರೆ ಬಿಸಿಲಿಗೆ ಹೋಗುತ್ತೆ, ಸೆಕೆಗೆ ಹೋಗುತ್ತೆ, ಸ್ಯಾನಿಟೈಸರ್ ಕೈ ತಾಗಿದ್ರೆ ಹೋಗುತ್ತೆ, ಜೋಪಾನವಾಗಿರ್ಲಿ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿಟ್ರೆ ಇನ್ನೂ ಬೇಗ ಹೋಗುತ್ತೆ.

ಇದನ್ನ ನಾನು ಕಣ್ಣಾರೆ ನೋಡಿದ ಒಂದು ರಾತ್ರಿ ಇದೆ.

ಐದಾರು ವರ್ಷದ ಹಿಂದೆ. ಚಳಿಗಾಲ, ರಾತ್ರಿ ಎರಡರ ಹತ್ರ. ನೈಟ್ ಡ್ಯೂಟಿ ಸಿಸ್ಟರ್ ಕ್ವಾರ್ಟರ್ಸ್‌ಗೆ ಫೋನ್ ಮಾಡಿ ಸಾರ್ ಮೆಷಿನ್ ಕೈಕೊಡ್ತಿದೆ ಬನ್ನಿ ಅಂದ್ರು. ಹೋದೆ. ಹಳ್ಳಿ ಕಡೆಯ ಯಜಮಾನ್ರೊಬ್ಬರು, ಅರವತ್ತರ ಹತ್ರ ವಯಸ್ಸು, ಎದೆ ಹಿಡ್ಕೊಂಡಿದಾರೆ, ಜೊತೆಗೆ ಹೆಂಡತಿ, ಬಾಡಿಗೆ ಆಟೋದ ಹುಡುಗ. ಜೆಲ್ಲಿ ಹಚ್ಚಿ ಎದೆಗೆ ಕಚ್ಚೋ ರಬ್ಬರ್ ಬಲ್ಬ್ ಕೂರಿಸಿ ಇಸಿಜಿ ತೆಗೆದ್ವಿ, ಎಲ್‌ಬಿಬಿಬಿ. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ ಹೃದಯದ ಎಡಗಡೆ ಕರೆಂಟ್ ಹೋಗೋ ದಾರಿಯಲ್ಲಿ ಅಡ್ಡಿ. ಅದು ಆ ಮನುಷ್ಯನಿಗೆ ಎಷ್ಟೋ ವರ್ಷದಿಂದ ಇರಬಹುದು, ಅಥವಾ ಅವತ್ತು ಸಂಜೆ ಆದ ಹಾರ್ಟ್ ಅಟ್ಯಾಕಿಂದಲೇ ಬಂದಿರಬಹುದು. ಆ ಒಂದು ಪೇಪರ್ ನೋಡಿ ಯಾವುದು ಅಂತ ಹೇಳೋದು ದೊಡ್ಡ ಡಾಕ್ಟ್ರಿಗೂ ಕಷ್ಟ. ಡ್ಯೂಟಿಯಲ್ಲಿದ್ದಿದ್ದು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ, ಒಳ್ಳೇ ಡಾಕ್ಟ್ರು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ರು. ‘ಅಮ್ಮಾ, ಹಳೇ ಇಸಿಜಿ ಏನಾದ್ರೂ ಇದ್ಯಾ?’

ಆಯಮ್ಮನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ‘ಇದೆ ಕಣವ್ವ, ಇಟ್ಕೊಂಡಿದೀನಿ’ ಅಂತ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ್ರು, ಅದರೊಳಗೆ ರೇಷನ್ ಕಾರ್ಡು, ಆಧಾರು, ಅವುಗಳ ಮಧ್ಯೆ ನೀಟಾಗಿ ನಾಲ್ಕು ಮಡಿಕೆ ಮಾಡಿದ ಇಸಿಜಿ. ಬಿಚ್ಚಿದ್ವಿ. ಚೌಕಳಿ ಹಂಗೇ ಇದೆ, ಗುಲಾಬಿ ಬಣ್ಣಕ್ಕೆ. ಮೂಲೇಲಿ ಬಾಲ್ ಪೆನ್ನಲ್ಲಿ ಬರೆದ ಹೆಸರಿದೆ, ಅದು ನನ್ನದೇ ಅಕ್ಷರ. ಗೆರೆ ಮಾತ್ರ ಇಲ್ಲ. ಪೂರ್ತಿ ಖಾಲಿ ಪೇಪರ್. ಡಾಕ್ಟ್ರು ಲೈಟಿಗೆ ಹಿಡಿದು ನೋಡಿದ್ರು, ನಾನೂ ನೋಡಿದೆ, ಮಡಿಕೆ ಹತ್ರ ಒಂದು ಬೂದು ನೆರಳು, ಅಷ್ಟೇ. ಆಯಮ್ಮ ನಮ್ಮಿಬ್ಬರ ಮುಖ ನೋಡ್ತಾ ನಿಂತಿದ್ರು, ನಾನೇನಾದ್ರೂ ತಪ್ಪು ಮಾಡಿದ್ನೇನೋ ಅನ್ನೋ ಹಂಗೆ.

ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಣ ಅಂದ್ರೆ ಅದು ಸುಮ್ನೆ ಕೊಡೋ ಔಷಧಿ ಅಲ್ಲ, ಸಣ್ಣ ಪ್ರಮಾಣದಲ್ಲಾದ್ರೂ ತಲೆಯಲ್ಲಿ ರಕ್ತಸ್ರಾವ ಆಗೋ ಅಪಾಯ ಇದ್ದೇ ಇದೆ. ಕೊಡದೇ ಇರೋಣ ಅಂದ್ರೆ, ನಿಜವಾಗ್ಲೂ ಅಟ್ಯಾಕ್ ಆಗಿದ್ರೆ? ಕೊನೆಗೆ ಆಂಬುಲೆನ್ಸಲ್ಲಿ ದೊಡ್ಡಾಸ್ಪತ್ರೆಗೆ ಕಳ್ಸಿದ್ರು, ಮೂರು ಗಂಟೆ ದಾರಿ. ಅಲ್ಲಿ ಆಂಜಿಯೋಗ್ರಾಂ ಮಾಡಿ ರಕ್ತನಾಳ ಎಲ್ಲಾ ಸರಿಯಾಗಿದೆ, ಕರೆಂಟ್ ದಾರಿಯ ಈ ಅಡ್ಡಿ ಹಳೇದು ಅಂತ ಹೇಳಿ ಕಳಿಸಿದ್ರಂತೆ. ಹದಿನೈದು ದಿನ ಆದ್ಮೇಲೆ ಬಂದು ನನಗೆ ಹೇಳಿದ್ರು, ಇರೋ ಒಂದು ಹಸು ಮಾರಿದ್ವಿ ಅಂತಾನೂ ಹೇಳಿದ್ರು, ದೂರು ಅಂತಲ್ಲ, ಹಂಗೇ ಮಾತಿಗೆ. ಪ್ರಾಣ ಉಳೀತಲ್ಲ ಅಂತ ನಾವೆಲ್ಲ ಅಂದ್ವಿ. ಸಾರ್, ಆ ಪ್ರಾಣಕ್ಕೆ ಅವತ್ತು ಏನೂ ಆಗಿರಲೇ ಇಲ್ಲ. ನಮ್ಮ ಹತ್ರ ಒಂದು ಗೆರೆ ಇರಲಿಲ್ಲ ಅಷ್ಟೇ.

ಇದರ ಉಲ್ಟಾ ಕಥೆನೂ ಇದೆ. ಮೊದಲ ನೋಟಕ್ಕೆ ಪರವಾಗಿಲ್ಲ ಅನ್ನಿಸೋ ಇಸಿಜಿ, ಪಕ್ಕದಲ್ಲಿ ಎರಡು ವರ್ಷದ ಹಿಂದಿನದು ಇಟ್ರೆ ಟಿ ವೇವ್, ಅಂದ್ರೆ ಪ್ರತಿ ಬಡಿತದ ಕೊನೇ ಉಬ್ಬು, ಎಲ್ಲಾ ಬದಲಾಗಿರೋದು ಕಣ್ಣಿಗೆ ಹೊಡೆಯುತ್ತೆ. ಹೃದಯದ ವಿಷಯದಲ್ಲಿ ಎಷ್ಟೋ ಸಲ ಒಂದು ಇಸಿಜಿ ಅಂದ್ರೆ ಅರ್ಧ ಇಸಿಜಿ, ಎರಡು ಸೇರಿದ್ರೆ ಒಂದು. ಅದಕ್ಕೇ ನಾನು ಈ ಡಿಜಿಟಲ್ ಅನ್ನೋದನ್ನ ಅಳೆಯೋದು ಒಂದೇ ಪ್ರಶ್ನೆಯಿಂದ: ಕ್ಯಾಶುವಾಲ್ಟಿಗೆ ರಾತ್ರಿ ಎರಡು ಗಂಟೆಗೆ ಬಂದೋರ ಹಳೇ ಇಸಿಜಿ ಎರಡು ನಿಮಿಷದಲ್ಲಿ ಸಿಗುತ್ತಾ? ಸಿಗುತ್ತೆ ಅಂದ್ರೆ ಪೇಪರ್ ರೋಲ್ ನಾಳೆನೇ ನಿಲ್ಲಿಸಿ, ನಾನೇ ಬಂದು ಕೊನೇ ರೋಲಿಗೆ ಹಾರ ಹಾಕ್ತೀನಿ. ಸಿಗಲ್ಲ ಅಂದ್ರೆ ನಾವು ತಗೊಂಡಿರೋದು ದುಬಾರಿ ಟಿವಿ.

ಇಸಿಜಿ ದೂರಕ್ಕೆ ಕಳಿಸೋದು ಹೊಸ ಕಲೆ ಅಂತ ಯಾರಾದ್ರೂ ಪವರ್‌ಪಾಯಿಂಟ್ ತೋರಿಸಿದ್ರೆ ನಂಬಬೇಡಿ. ಇಸಿಜಿ ಕಂಡುಹಿಡಿದ ಐಂಥೋವನ್ ಅನ್ನೋ ಡಚ್ ಪುಣ್ಯಾತ್ಮನ ಮೊದಲನೇ ಮೆಷಿನ್ ಹತ್ರ ಹತ್ರ 270 ಕೆಜಿ ತೂಕ ಇತ್ತಂತೆ, ನಡೆಸಕ್ಕೆ ಐದು ಜನ ಬೇಕಿತ್ತಂತೆ, ಪೇಷಂಟು ಎರಡು ಕೈ ಒಂದು ಕಾಲು ಉಪ್ಪುನೀರಿನ ಪಾತ್ರೇಲಿ ಅದ್ದಿಕೊಂಡು ಕೂರಬೇಕಿತ್ತು. ಅದನ್ನ ಲೈಡನ್ ಊರಿನ ಆಸ್ಪತ್ರೆಗೆ ಹೊತ್ಕೊಂಡು ಹೋಗೋ ಮಾತೇ ಇಲ್ಲ, ಅದಕ್ಕೆ 1905ರಲ್ಲೇ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಲ್ಯಾಬಿಗೆ ಟೆಲಿಫೋನ್ ವೈರಲ್ಲಿ ಇಸಿಜಿ ತರಿಸ್ಕೊಂಡ. 1924ರಲ್ಲಿ ನೊಬೆಲ್ ಕೊಟ್ರು. ಇಸಿಜಿ ಗೆರೆಯ ಏರಿಳಿತಗಳನ್ನ ನಾವು ಇವತ್ತಿಗೂ ಪಿ ಕ್ಯೂ ಆರ್ ಎಸ್ ಟಿ ಅಂತ ಕರೆಯೋದು ಅವನಿಟ್ಟ ಹೆಸರಿಂದಲೇ. ನಮ್ಮ ರಾಜ್ಯದಲ್ಲೂ 2002ರ ಹೊತ್ತಿಗೇ ಚಾಮರಾಜನಗರ ಜಿಲ್ಲಾಸ್ಪತ್ರೆಗೂ ಸರಗೂರಿಗೂ ಇಸ್ರೋ ಸ್ಯಾಟಲೈಟ್ ಲಿಂಕ್ ಕೊಟ್ಟು ಬೆಂಗಳೂರಿನ ನಾರಾಯಣ ಹೃದಯಾಲಯದ ಡಾಕ್ಟ್ರು ಅಲ್ಲಿಂದಲೇ ನೋಡೋ ಹಂಗೆ ಮಾಡಿದ್ರು. ಕಳಿಸೋದು ಯಾವತ್ತೂ ಅಷ್ಟು ಕಷ್ಟದ ಕೆಲಸ ಆಗಿರಲಿಲ್ಲ ಸಾರ್, ಇಟ್ಟುಕೊಂಡು ಮತ್ತೆ ಹುಡುಕಿ ತೆಗೆಯೋದೇ ಕಷ್ಟ.

ಈಗ ನಮ್ಮಲ್ಲಿ ಡಿಜಿಟಲ್ ಅಂದ್ರೆ ವಾಟ್ಸಾಪು. ಪೇಪರನ್ನ ಬೆಡ್ ಮೇಲೆ ಹರಡಿ ಫೋಟೋ ಹೊಡೆಯೋದು, ಮೇಲಿನ ಟ್ಯೂಬ್‌ಲೈಟಿನ ಹೊಳಪು ವಿ4 ಲೀಡ್ ಮೇಲೆ, ಹೆಬ್ಬೆರಳು ವಿ1 ಲೀಡ್ ಮೇಲೆ, ಫ್ಯಾನಿಗೆ ಪೇಪರ್ ಹಾರಿ ಅರ್ಧ ಫೋಟೋ ಮಸುಕು. ನಾನು ವಾಟ್ಸಾಪನ್ನ ಬೈಯಲ್ಲ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ ಅಂತ ಶುರು ಮಾಡಿ ಹಳ್ಳಿ ಡಾಕ್ಟ್ರುಗಳಿಗೆ ಇಸಿಜಿ ಮೆಷಿನ್ ಕೊಡಿಸಿ ವಾಟ್ಸಾಪ್ ಗ್ರೂಪಲ್ಲೇ ಓದಿ ಹೇಳೋ ಏರ್ಪಾಡು ಮಾಡಿದ್ದು ಎಂಥಾ ಕೆಲಸ ಅಂತ ಆ ಕಡೆಯೋರನ್ನ ಕೇಳಿ. ತುರ್ತಿಗೆ ಅದು ಸರಿ. ಆದ್ರೆ ತುರ್ತಿಗೆ ಕಳಿಸೋದು ಬೇರೆ, ದಾಖಲೆ ಇಡೋದು ಬೇರೆ. ಆರು ತಿಂಗಳಾದ್ಮೇಲೆ ಆ ಫೋಟೋ ಯಾರ ಫೋನಲ್ಲಿದೆ? ಪಿಜಿ ಮುಗಿಸಿ ಹೋದ ಡಾಕ್ಟ್ರ ಫೋನಲ್ಲಿ, ಮದುವೆ ಫೋಟೋಗಳ ಮಧ್ಯೆ. ಹೆಸರು ವಯಸ್ಸು ಊರು ಸಮೇತ. 2023ರಲ್ಲಿ ಡಿಜಿಟಲ್ ಡೇಟಾ ರಕ್ಷಣೆಗೆ ಅಂತ ಕೇಂದ್ರ ಕಾನೂನೇ ಬಂದಿದೆ, ಅದು ಬಂದಿರೋದು ನಮ್ಮ ವಾರ್ಡಿನ ಗ್ರೂಪುಗಳಿಗೆ ತಿಳಿದ ಹಾಗಿಲ್ಲ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದ್ಯಲ್ಲ ಅಂತ ನೀವು ಕೇಳ್ತೀರ. ಇದೆ, ಅದಕ್ಕೆ ಕೈಮುಗೀತೀನಿ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗ ನಮ್ಮ ಇಸಿಜಿ ರೂಮಿನ ಮುಂದೆ ಒಂದು ವಾರ ಕ್ಯೂ ನಿಂತಿತ್ತು, ಜಿಮ್ಮಿಗೆ ಹೋಗೋ ಹುಡುಗರೆಲ್ಲಾ ಬಂದಿದ್ರು. ಆಮೇಲೆ 2023ರಲ್ಲಿ ಆ ಹೆಸರಲ್ಲೇ ಯೋಜನೆ ಬಂತು, ಎದೆನೋವು ಅಂತ ಬಂದೋರ ಇಸಿಜಿ ತಾಲ್ಲೂಕಿಂದಲೇ ಜಯದೇವದಂಥ ದೊಡ್ಡಾಸ್ಪತ್ರೆಗೆ ಹೋಗಿ, ಓದಿದ ಉತ್ತರ ಅಲ್ಲಿಂದ ಬಂದು, ಹಾರ್ಟ್ ಅಟ್ಯಾಕ್ ಹೌದು ಅಂದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗೋದು ಸಣ್ಣ ಮಾತಲ್ಲ. ಆದ್ರೆ ಅದು ಎದೆನೋವಿನ ತುರ್ತಿಗೆ ಹಾಕಿದ ದಾರಿ. ನಮ್ಮ ರೂಮಿಗೆ ದಿನಕ್ಕೆ ಬರೋ ಇಸಿಜಿಯಲ್ಲಿ ಮುಕ್ಕಾಲು ಪಾಲು ಎದೆನೋವಿಂದಲ್ಲ, ಕಣ್ಣಿನ ಆಪರೇಷನ್‌ಗೆ ಮುಂಚೆ ಒಂದು, ಹರ್ನಿಯಾಕ್ಕೆ ಮುಂಚೆ ಒಂದು, ಬಿಪಿ ಶುಗರ್ ಒಪಿಡಿಯಿಂದ ಒಂದು, ಬಸುರಿ ಹೆಂಗಸಿಗೆ ಉಬ್ಬಸ ಅಂತ ಒಂದು. ನಾಳೆ ಎದೆನೋವು ಬಂದಾಗ ಬೇಕಾಗೋ ಹಳೇ ಇಸಿಜಿ ಅಂದ್ರೆ ಇವೇ. ಆರೋಗ್ಯವಾಗಿದ್ದಾಗ ತೆಗೆದಿದ್ದು. ಇವನ್ನ ಇಟ್ಟುಕೊಳ್ಳೋ ಕೆಲಸ ನಮ್ಮದು.

ಇನ್ನು ಖರ್ಚು, ಜಾಗ, ಸರ್ವರ್ ಅಂತ ಮೀಟಿಂಗಲ್ಲಿ ಮಾತಾಡಿದ್ರಂತೆ. ನಾನು ಪಿಯುಸಿ ಸೈನ್ಸ್, ನನ್ನ ಲೆಕ್ಕ ತಪ್ಪಿದ್ರೆ ಹೇಳಿ. ಒಳ್ಳೇ ಮೆಷಿನ್ನು ಒಂದು ಸೆಕೆಂಡಿಗೆ 500 ಸಲ ಅಳತೆ ತಗೊಳ್ಳುತ್ತೆ, ಹತ್ತು ಸೆಕೆಂಡ್ ರೆಕಾರ್ಡು. ಹನ್ನೆರಡು ಲೀಡ್ ಅಂತೀವಿ, ನಿಜಕ್ಕೂ ಅಳೆಯೋದು ಎಂಟೇ, ಉಳಿದ ನಾಲ್ಕು ಲೆಕ್ಕ ಹಾಕಿ ಬರೋದು, ಎರಡನೇ ಲೀಡಿಂದ ಒಂದನೇದು ಕಳೆದ್ರೆ ಮೂರನೇದು ಸಿಗುತ್ತೆ, ಹಂಗೆ. ಎಂಟು ಲೀಡು, 500, ಹತ್ತು ಸೆಕೆಂಡು, ಒಟ್ಟು 40,000 ಸಂಖ್ಯೆ, ಒಂದಕ್ಕೆ ಎರಡು ಬೈಟ್ ಅಂದ್ರೂ 80 ಕೆಬಿ. ಬೆಳಿಗ್ಗೆ ಬೆಳಿಗ್ಗೆ ನಮ್ಮ ಬೀಗರು ಕಳಿಸೋ ಗುಡ್ ಮಾರ್ನಿಂಗ್ ಗುಲಾಬಿ ಹೂವು ಇದಕ್ಕಿಂತ ದೊಡ್ಡದು ಸಾರ್. ದಿನಕ್ಕೆ 60 ಇಸಿಜಿ ಅಂತ ಹಿಡಿದ್ರೂ ವರ್ಷಕ್ಕೆ ಎರಡು ಜಿಬಿ ಮುಟ್ಟಲ್ಲ. ನನ್ನ ಇಡೀ ಸರ್ವೀಸಿನ ಇಸಿಜಿ ಒಂದು ಪೆನ್‌ಡ್ರೈವಲ್ಲಿ ಹಿಡಿಯುತ್ತೆ, ಇದನ್ನ ಯೋಚಿಸಿದ್ರೆ ನನಗೇ ಒಂಥರಾ ಆಗುತ್ತೆ. ಹಂಗಾಗಿ ಜಾಗ ಸಾಲಲ್ಲ, ಮೂರು ವರ್ಷದ್ದು ಅಳಿಸ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು, ಕೇಳಿದ್ರೆ 72 ಗಂಟೇಲಿ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲಿನ 2002ರ ನಿಯಮದಲ್ಲಿದೆ, ಅದು ಇಡಲೇಬೇಕಾದ ಕನಿಷ್ಠ, ಮೂರು ವರ್ಷಕ್ಕೆ ಬಿಸಾಕಿ ಅಂತ ಅಲ್ಲ. ಮೇಲೆ ಹೇಳಿದ ಯಜಮಾನ್ರ ಹಳೇ ಇಸಿಜಿ ನಾಲ್ಕು ವರ್ಷದ ಹಿಂದಿನದು.

ನಿಜವಾದ ತಲೆನೋವು ಹೆಸರಿಂದು. ನಮ್ಮ ರೂಮಿನ ರಿಜಿಸ್ಟರ್ ತೆಗೆದು ನೋಡಿ, ಲಕ್ಷ್ಮಮ್ಮ 60 ವರ್ಷ ಅಂತ ಒಂದೇ ತಿಂಗಳಲ್ಲಿ ಏಳೆಂಟು ಜನ ಸಿಕ್ತಾರೆ. ವಯಸ್ಸೂ ಅಷ್ಟೇ, ಹಳ್ಳಿಯೋರು ಕೇಳಿದಾಗೆಲ್ಲಾ ಒಂದೊಂದು ಹೇಳ್ತಾರೆ, ಅರವತ್ತು ಅನ್ನೋದು ವಯಸ್ಸೇ ಅಲ್ಲ, ಅದೊಂದು ಅಂದಾಜು. ಪೇಪರಲ್ಲಿ ಏನಾಗ್ತಿತ್ತು ಅಂದ್ರೆ ಪೇಷಂಟ್ ಎದುರಿಗೇ ಇರೋರು, ಇಸಿಜಿ ಬಂದ ತಕ್ಷಣ ಪೆನ್ನಲ್ಲಿ ಹೆಸರು ಬರೆದು ಕೈಗೇ ಕೊಡ್ತಿದ್ವಿ, ತಪ್ಪಿದ್ರೂ ಪೇಪರ್ ಆ ಮನುಷ್ಯನ ಕೈಯಲ್ಲೇ ಇರ್ತಿತ್ತು. ಡಿಜಿಟಲ್ಲಲ್ಲಿ ಹಂಗಲ್ಲ. ಮೆಷಿನ್ನಿನ ಆ ಕಡ್ಲೆಬೇಳೆ ಸೈಜಿನ ಗುಂಡಿಗಳಲ್ಲಿ, ಗ್ಲೌಸ್ ಹಾಕ್ಕೊಂಡು, ಹೊರಗೆ ನಲವತ್ತು ಜನ ಬಾಗಿಲು ತಟ್ಟುವಾಗ ಹೆಸರು ಟೈಪ್ ಮಾಡೋರು ಯಾರು? ಯಾರೂ ಮಾಡಲ್ಲ. ಮೆಷಿನ್ ತಾನೇ ಒಂದು ನಂಬರ್ ಕೊಡುತ್ತೆ, 0047, ಅದು ಹೋಗಿ ಸರ್ವರಲ್ಲಿ ಅನಾಥವಾಗಿ ಕೂರುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ ಹಿಂದಿನ ಪೇಷಂಟಿನ ಹೆಸರು ಹಂಗೇ ಉಳ್ಕೊಂಡು ಈ ಲಕ್ಷ್ಮಮ್ಮನ ಹಾರ್ಟು ಆ ಲಕ್ಷ್ಮಮ್ಮನ ಫೈಲಿಗೆ ಹೋಗೋದು. ಹೆಸರಿಲ್ಲದ ಇಸಿಜಿ ಉಪಯೋಗಕ್ಕೆ ಬರಲ್ಲ ಅಷ್ಟೇ, ತಪ್ಪು ಹೆಸರಿನ ಇಸಿಜಿ ಜೀವವನ್ನೇ ತೆಗೆಯುತ್ತೆ.

ಇದಕ್ಕೆ ಪರಿಹಾರ ರಾಕೆಟ್ ವಿಜ್ಞಾನ ಏನಲ್ಲ. ಒಪಿಡಿ ಚೀಟಿ ಮೇಲೆ ಬಾರ್‌ಕೋಡ್, ಇಸಿಜಿ ಟ್ರಾಲಿ ಮೇಲೆ ಒಂದು ಸ್ಕ್ಯಾನರ್ ಗನ್ನು, ಕಿರಾಣಿ ಅಂಗಡೀಲಿರೋ ಥರದ್ದು. ಚೀಟಿ ತೋರಿಸಿದ್ರೆ ಹೆಸರು ವಯಸ್ಸು ನಂಬರ್ ತಾನೇ ಬರಬೇಕು, ನಾವು ಒಂದಕ್ಷರ ಟೈಪ್ ಮಾಡಬಾರದು. ಈಗ ಆಭಾ ಅನ್ನೋ ಆರೋಗ್ಯ ಖಾತೆಯ 14 ಅಂಕಿಯ ನಂಬರ್ ಬೇರೆ ಇದೆ, ಇದ್ದೋರದ್ದು ಅದಕ್ಕೇ ಜೋಡಿಸಿ. ಪ್ರಜ್ಞೆ ಇಲ್ಲದೆ ಬಂದೋರಿಗೆ ತಾತ್ಕಾಲಿಕ ನಂಬರ್, ಬೆಳಿಗ್ಗೆ ಆದ್ಮೇಲೆ ಅದನ್ನ ಸರಿಯಾದ ಹೆಸರಿಗೆ ಸೇರಿಸೋಕೆ ಒಬ್ಬರು ಅಂತ ಗೊತ್ತುಮಾಡಿ ಆರ್ಡರಲ್ಲಿ ಹೆಸರು ಹಾಕಿ. ‘ಸಂಬಂಧಪಟ್ಟವರು’ ಅಂತ ಬರೀಬೇಡಿ ಸಾರ್ ದಯವಿಟ್ಟು, ಮೂವತ್ನಾಲ್ಕು ವರ್ಷದಲ್ಲಿ ಆ ಸಂಬಂಧಪಟ್ಟವರು ಯಾರು ಅಂತ ನಾನು ನೋಡಲೇ ಇಲ್ಲ.

ಹಂಗೇ ಗಡಿಯಾರ. ಫೀಮೇಲ್ ವಾರ್ಡಿನ ಮೆಷಿನ್ನಿನ ಒಳಗಿನ ಬ್ಯಾಟರಿ ಸತ್ತು ಎರಡು ವರ್ಷ ಅದು ಪ್ರತಿ ಸಲ ಆನ್ ಮಾಡಿದಾಗಲೂ ಜನವರಿ 1 ಅಂತಲೇ ತೋರಿಸ್ತಿತ್ತು. ನಾವು ಡೇಟು ಟೈಮು ಪೆನ್ನಲ್ಲಿ ತಿದ್ದುತಿದ್ವಿ, ನಡೀತಿತ್ತು. ಡಿಜಿಟಲ್ಲಲ್ಲಿ ಪೆನ್ನಿಲ್ಲ. ಎದೆನೋವು ಬಂದೋರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು, ಅನುಮಾನ ಇದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೀಬೇಕು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದರ ಮೇಲೇ ಟ್ರೀಟ್‌ಮೆಂಟ್. ಟೈಮು ಸರ್ವರಿಂದ ತಾನೇ ಸರಿಹೋಗಬೇಕು.

ಟೆಂಡರ್ ಬಗ್ಗೆ ಒಂದು ಮಾತು, ಇದು ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ. ಸುಮಾರು ಹದಿಮೂರು ವರ್ಷದ ಹಿಂದೆ ನಮ್ಮ ರೂಮಿಗೆ ಒಂದು ಕಂಪ್ಯೂಟರ್ ಇಸಿಜಿ ಬಂದಿತ್ತು, ಆಗಲೂ ಇದೇ ಮಾತು, ಇನ್ಮೇಲೆ ಎಲ್ಲಾ ಕಂಪ್ಯೂಟರಲ್ಲೇ ಅಂತ. ಮೂರು ಮುಕ್ಕಾಲು ವರ್ಷ ನಾನೇ ಶ್ರದ್ಧೆಯಿಂದ ಅದರಲ್ಲಿ ತೆಗೆದೆ. ಆಮೇಲೆ ಸಪ್ಲೈ ಮಾಡಿದೋರು ಫೋನ್ ಎತ್ತೋದು ನಿಲ್ಲಿಸಿದ್ರು, ಯುಎಸ್‌ಬಿ ಥರದ ಒಂದು ಬೀಗದ ಡಾಂಗಲ್ ಇತ್ತು ಅದು ಕೆಟ್ಟೋಯ್ತು, ಅದಿಲ್ಲದೆ ಸಾಫ್ಟ್‌ವೇರ್ ತೆರೆಯಲ್ಲ, ಸಾಫ್ಟ್‌ವೇರ್ ಇಲ್ಲದೆ ಫೈಲ್ ತೆರೆಯಲ್ಲ, ಯಾಕಂದ್ರೆ ಫೈಲು ಅವರದೇ ಸ್ವಂತ ಭಾಷೇಲಿ ಬರೆದಿದ್ದು. ಆ ಸಿಪಿಯು ಇವತ್ತಿಗೂ ಮೆಟ್ಟಿಲ ಕೆಳಗಿನ ಸ್ಟೋರಲ್ಲಿದೆ, ಮುರಿದ ವೀಲ್‌ಚೇರ್ ಪಕ್ಕದಲ್ಲಿ. ಅದರೊಳಗೆ ಎಷ್ಟು ಜನರ ಇಸಿಜಿ ಇದೆ ಅಂತ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಥರ್ಮಲ್ ಪೇಪರ್ ಆದ್ರೂ ಮಾಸಕ್ಕೆ ನಾಲ್ಕು ವರ್ಷ ತಗೊಳ್ತು, ಇದು ಒಂದೇ ದಿನಕ್ಕೆ ಹೋಯ್ತು.

ಅದಕ್ಕೆ ಈ ಸಲ ಟೆಂಡರಲ್ಲಿ ಕೇಳಿ: ಫೈಲು ಯಾರ ಸಾಫ್ಟ್‌ವೇರಲ್ಲಿ ಬೇಕಾದ್ರೂ ತೆರೀಬೇಕು. ಸಿಟಿ ಸ್ಕ್ಯಾನಿಗೆ ಡೈಕಾಮ್ ಅಂತ ಒಂದು ಪದ್ಧತಿ ಇದ್ಯಲ್ಲ, ಅದರಲ್ಲೇ ಇಸಿಜಿ ಗೆರೆ ಇಡಕ್ಕೂ ಜಾಗ ಇದೆ, ಎಷ್ಟೋ ವರ್ಷದಿಂದ ಇದೆ. ಬರೀ ಪಿಡಿಎಫ್ ಕೊಡ್ತೀವಿ ಅಂದ್ರೆ ಸಾಲದು. ಪಿಡಿಎಫ್ ಅನ್ನೋದು ಗೆರೆಯ ಚಿತ್ರ, ಅಳತೆ ಅಲ್ಲ. ಹಳೇದನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು, ಟಿ ವೇವಿಗೆ ಮುಂಚಿನ ಎಸ್‌ಟಿ ಅನ್ನೋ ತುಂಡು ಎಷ್ಟು ಮಿಲಿಮೀಟರ್ ಎದ್ದಿದೆ ಅಂತ ಕಂಪ್ಯೂಟರ್ ಹೇಳ್ಬೇಕಂದ್ರೆ ಅದಕ್ಕೆ ಆ 40,000 ಸಂಖ್ಯೆಗಳೇ ಬೇಕು. ಫಿಲ್ಟರ್ ಕೂಡ ನೋಡಿ. ನಮ್ಮ ವೈರಿಂಗಿನ 50 ಹರ್ಟ್ಸ್ ಗುಂಯ್ ಅನ್ನೋದಕ್ಕೆ ಗೆರೆ ಗರಗಸದ ಹಲ್ಲಿನ ಥರ ಬರುತ್ತೆ, ಚಂದ ಕಾಣ್ಲಿ ಅಂತ ಡೆಮೊಗೆ ಬಂದೋರು ಎಲ್ಲಾ ಫಿಲ್ಟರ್ ಹಾಕಿ ಬೆಣ್ಣೆ ಥರ ನುಣ್ಣಗೆ ಮಾಡಿ ತೋರಿಸ್ತಾರೆ. ಜಾಸ್ತಿ ನುಣ್ಣಗೆ ಮಾಡಿದ್ರೆ ಎಸ್‌ಟಿನೇ ಆಕಾರ ಬದಲಾಯಿಸುತ್ತೆ. ಮೊದಲು ಅರ್ಥಿಂಗ್ ಸರಿಮಾಡಿಸಿ, ಮೆಷಿನ್ ಆಮೇಲೆ.

ಎಷ್ಟೇ ಡಿಜಿಟಲ್ ಮಾಡಿದ್ರೂ ವೈರ್ ಹಾಕೋದು ಮನುಷ್ಯನ ಕೈಯೇ. ಬಲಗೈ ಎಡಗೈ ವೈರ್ ಅದಲುಬದಲಾದ್ರೆ ಒಂದನೇ ಲೀಡ್ ತಲೆಕೆಳಗಾಗುತ್ತೆ, ಎವಿಆರ್ ಅನ್ನೋ ಲೀಡ್ ನೆಟ್ಟಗೆ ನಿಲ್ಲುತ್ತೆ, ಮೆಷಿನ್ನು ಅದಕ್ಕೂ ಏನೋ ಒಂದು ಕಾಯಿಲೆ ಹೆಸರು ಕೊಟ್ಟುಬಿಡುತ್ತೆ, ಡಿಜಿಟಲ್ ಆದ್ಮೇಲೆ ಆ ತಪ್ಪು ಮಾಸದೆ ಶಾಶ್ವತವಾಗಿ ಉಳಿಯುತ್ತೆ. ರಾತ್ರಿ ಟೆಕ್ನಿಷಿಯನ್ ಇಲ್ಲ, ಸಿಸ್ಟರ್‌ಗಳೇ ತೆಗೀಬೇಕು, ಒಮ್ಮೊಮ್ಮೆ ಗ್ರೂಪ್ ಡಿ ಅವರೂ ತೆಗೆದಿದಾರೆ, ಅವರನ್ನ ಬೈದು ಪ್ರಯೋಜನ ಇಲ್ಲ, ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ನಾನು ಹೊಸ ಸಿಸ್ಟರ್‌ಗಳಿಗೆ ಹೇಳಿಕೊಡ್ತಿದ್ದಿದ್ದು ಇಷ್ಟೇ: ಬಲಕ್ಕೆ ‘ಕ’, ಎಡಕ್ಕೆ ‘ಹ’. ಬಲಗೈ ಕೆಂಪು, ಬಲಗಾಲು ಕಪ್ಪು. ಎಡಗೈ ಹಳದಿ, ಎಡಗಾಲು ಹಸಿರು. ಕೈಗೆ ಬಿಸಿಲ ಬಣ್ಣ, ಕಾಲಿಗೆ ನೆಲದ ಬಣ್ಣ. ಒಂದು ಸಲ ಕೇಳಿದೋರು ಮರೆತಿದ್ದು ನಾನು ನೋಡಿಲ್ಲ. ಇನ್ನು ಹೆಂಗಸರಿಗೆ ಎದೆ ಮೇಲೆ ಹಾಕೋ ವೈರು ಸಂಕೋಚಕ್ಕೆ ಒಂದಿಂಚು ಮೇಲೆ ಕೆಳಗೆ ಆಗೋದು, ಪರದೆ ಇಲ್ಲದಿರೋದು, ಅದು ಡಿಜಿಟಲ್ಲಿಂದ ಸರಿಹೋಗಲ್ಲ, ಒಂದು ಪರದೆಯಿಂದ ಸರಿಹೋಗುತ್ತೆ. ಮುನ್ನೂರು ರೂಪಾಯಿ ಬಟ್ಟೆ ಸಾರ್.

ಮೆಷಿನ್ ತಾನಾಗೇ ಬರೆಯೋ ಇಂಗ್ಲಿಷ್ ರಿಪೋರ್ಟು ನೇರವಾಗಿ ಪೇಷಂಟಿನ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗುತ್ತೆ ಅನ್ನೋ ಮಾತೂ ಕಿವಿಗೆ ಬಿತ್ತು. ಅದೊಂದು ಮಾಡಬೇಡಿ. 2025ರ ಜೂನ್ ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಟಿವಿಯಲ್ಲಿ ಬಂದಾಗ ಮೈಸೂರು ಬೆಂಗಳೂರಿನ ಜಯದೇವದ ಮುಂದೆ ಬೆಳಗಿನ ಜಾವವೇ ಜನ ಸಾಲುಗಟ್ಟಿದ್ದು ನೆನಪಿದ್ಯಲ್ಲ, ನಮ್ಮಲ್ಲೂ ಅದೇ ಕಥೆ. ಇಪ್ಪತ್ತೆರಡು ವರ್ಷದ ಹುಡುಗ, ಮೆಷಿನ್ನು ‘ಅಬ್‌ನಾರ್ಮಲ್ ಇಸಿಜಿ’ ಅಂತ ಪ್ರಿಂಟ್ ಮಾಡಿಬಿಟ್ಟಿತ್ತು, ಆ ವಯಸ್ಸಿಗೆ ಸಹಜವಾಗಿರೋ ಎಸ್‌ಟಿ ಏರಿಕೆ ಅಷ್ಟೇ, ಫಿಸಿಷಿಯನ್ ಸಾರ್ ನೋಡಿ ಏನಿಲ್ಲ ಹೋಗಪ್ಪ ಅನ್ನೋ ಹೊತ್ತಿಗೆ ಹುಡುಗನ ಅಮ್ಮ ಕಾರಿಡಾರಲ್ಲಿ ಕುಸಿದು ಕೂತಿದ್ರು. ಡಾಕ್ಟ್ರು ನೋಡಿ ಸೈನ್ ಹಾಕಿದ್ಮೇಲೆ ಹೋಗಲಿ ಮೊಬೈಲಿಗೆ, ಅದಕ್ಕೆ ಮುಂಚೆ ಬೇಡ.

ನಮ್ಮ ಹಿರಿಯ ಫಿಸಿಷಿಯನ್ ಒಬ್ಬರು ಇದ್ರು, ಎರಡು ಇಸಿಜಿ ಪೇಪರನ್ನ ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದು ಮೆಲ್ಲಗೆ ಸರಿಸೋರು, ಹಾಗೆ ಸರಿಸ್ತಾನೇ ಬಡಿತ ಎಲ್ಲಿ ತಪ್ಪಿದೆ ಅಂತ ಹೇಳೋರು. ಅಂಥೋರಿಗೆ ಸ್ಕ್ರೀನ್ ಕೊಟ್ಟು ಇದರಲ್ಲೇ ನೋಡಿ ಅಂದ್ರೆ ಮೊದಲ ದಿನವೇ ಬೇಡ ಅಂತಾರೆ, ಆಮೇಲೆ ಇಡೀ ವಾರ್ಡು ಬೇಡ ಅನ್ನುತ್ತೆ. ಒಂದಾರು ತಿಂಗಳು ಸಾದಾ ಎ4 ಪೇಪರಲ್ಲಿ ಲೇಸರ್ ಪ್ರಿಂಟ್ ಕೊಡಿ, ಅದು ಥರ್ಮಲ್ ಥರ ಮಾಸಲ್ಲ, ಅಳತೆ ಮಾತ್ರ ಸರಿಯಾಗಿ ಬರಬೇಕು, ಸೆಕೆಂಡಿಗೆ 25 ಮಿಲಿಮೀಟರ್ ಅಂದ್ರೆ ಸ್ಕೇಲಿಟ್ಟು ನೋಡಿದ್ರೂ 25 ಇರಬೇಕು. ಪೇಷಂಟಿಗೂ ಒಂದು ಕೊಡಿ. ಅವರು ನಾಳೆ ಬೇರೆ ಆಸ್ಪತ್ರೆಗೆ ಹೋಗ್ತಾರೆ, ಅಲ್ಲಿ ನಮ್ಮ ಸರ್ವರ್ ಕಾಣಲ್ಲ. ಕರೆಂಟ್ ಹೋದಾಗ, ನೆಟ್ ಹೋದಾಗ ಮೆಷಿನ್ನು ತನ್ನೊಳಗೇ ಇಟ್ಕೊಂಡು ಆಮೇಲೆ ಕಳಿಸಬೇಕು ಅನ್ನೋದನ್ನ ನಾನು ಹೇಳಬೇಕಿಲ್ಲ, ನಮ್ಮೂರಿನ ಮಳೆಗಾಲ ನೀವೂ ನೋಡಿದೀರ.

ಇನ್ನು ಆ ಬೀರು. ಅದರಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡೋರದ್ದು, ಒಂದು ಸಲ ಅಟ್ಯಾಕ್ ಆಗಿ ಉಳಿದೋರದ್ದು, ಎಲ್‌ಬಿಬಿಬಿ ಇರೋರದ್ದು ಅಂತ ನಾನು ಹಳದಿ ರಟ್ಟಿನ ಫೈಲಲ್ಲಿ ಬೇರೆ ಇಟ್ಟಿದೀನಿ, ಯಾರೂ ಹೇಳಿರಲಿಲ್ಲ, ಆ ಯಜಮಾನ್ರ ರಾತ್ರಿ ಆದ್ಮೇಲೆ ನಾನೇ ಶುರು ಮಾಡಿದ್ದು. ಸುಮಾರು ನಾನೂರು ಚಿಲ್ಲರೆ ಇದಾವೆ. ಎಲ್ಲಾ ರದ್ದಿ ಸ್ಕ್ಯಾನ್ ಮಾಡಿ ಅಂತ ನಾನು ಕೇಳಲ್ಲ, ಈ ಹಳದಿ ಫೈಲುಗಳನ್ನ ಮಾತ್ರ ಮೊದಲು ಸ್ಕ್ಯಾನ್ ಮಾಡಿ, ಅದರಲ್ಲೂ ಈ ಬೇಸಿಗೆ ಸೆಕೆಗೆ ಮುಂಚೆ. ಒಬ್ಬ ಡಾಟಾ ಎಂಟ್ರಿ ಹುಡುಗನ್ನ ಕೊಟ್ರೆ ನಾನು ಪಕ್ಕ ಕೂತು ಹೆಸರು ಓದಿ ಹೇಳ್ತೀನಿ, ನನ್ನ ಅಕ್ಷರ ಬೇರೆಯವರಿಗೆ ಅರ್ಥ ಆಗಲ್ಲ. ಟಿಎ ಡಿಎ ಏನೂ ಬೇಡ, ಮಧ್ಯಾಹ್ನ ಕ್ಯಾಂಟೀನಲ್ಲಿ ಒಂದು ಟೀ ಕೊಡಿಸಿದ್ರೆ ಸಾಕು.

ಆಮೇಲೆ ಉದ್ಘಾಟನೆಗೆ ಮುಂಚೆ ಒಂದು ಪರೀಕ್ಷೆ ಮಾಡೋಣ. ಟೇಪ್ ಕಟ್ ಮಾಡೋ ಹೊತ್ತಲ್ಲಿ ಬೇಡ, ಆಗ ಎಲ್ಲಾ ಕೆಲಸ ಮಾಡುತ್ತೆ. ಯಾವುದಾದ್ರೂ ಒಂದು ದಿನ ರಾತ್ರಿ ಎರಡಕ್ಕೆ ನಾನು ಕ್ಯಾಶುವಾಲ್ಟಿಗೆ ಬರ್ತೀನಿ, ಬರೋದು ನಿಮಗೊಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿರಬಾರದು. ಕೆಲಸದ ಕೊನೇ ವಾರ ಹೊಸ ಮೆಷಿನ್ನಿನ ಡೆಮೊಗೆ ಅಂತ ನನ್ನದೇ ಎದೆಗೆ ವೈರ್ ಹಾಕಿ ತೆಗೆದಿದ್ರು, ಅದು ಸರ್ವರಲ್ಲಿ ಇರಬೇಕು. ಒಪಿಡಿ ಚೀಟಿ ಕೊಡ್ತೀನಿ, ಡ್ಯೂಟಿ ಡಾಕ್ಟ್ರು ‘ಹಳೇ ಇಸಿಜಿ ಇದ್ಯಾ?’ ಅಂತ ಕೇಳಲಿ, ಸಿಸ್ಟರ್ ಹುಡುಕಲಿ, ನೀವು ವಾಚ್ ನೋಡ್ತಾ ಇರಿ. ನಾನು 1991ರಲ್ಲಿ ತೆಗೆಸಿಕೊಂಡ ಮೇಣದ ಪಟ್ಟಿನೂ ಜೇಬಲ್ಲಿ ತಂದಿರ್ತೀನಿ, ಯಾವುದು ಮೊದಲು ಡಾಕ್ಟ್ರ ಕೈ ಸೇರುತ್ತೋ ನೋಡೋಣ.

ಬೀರುವಿನ ಒಂದು ಕೀ ಆಫೀಸ್ ಸೂಪರಿಂಟೆಂಡೆಂಟ್ ಹತ್ರ ಇದೆ, ಅದು ತಿರುಗಲ್ಲ. ತಿರುಗೋ ಕೀ ನನ್ನ ಹತ್ರ ಇದೆ, ಚಾರ್ಜ್ ಕೊಡುವಾಗ ಮರೆತು ಜೇಬಲ್ಲೇ ಬಂತು. ಯಾವತ್ತು ಬರಲಿ ಅಂತ ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಇಸಿಜಿ ಟೆಕ್ನಿಷಿಯನ್